ನಾಲ್ಕನೇ ನಂಬರು

ಅವನ ಖಾಕಿ ಅಂಗಿಯ ಎಡ ಜೇಬಿನ ತಳ ಯಾವಾಗಲೂ ಬೆಳ್ಳಗಿರುತ್ತಿತ್ತು. ಒಳಗೊಂದು ಸೀಮೆಸುಣ್ಣದ ತುಂಡು. ಕಾರು ಕುಲುಕಿದಾಗಲೆಲ್ಲ ಅದು ಉದುರಿ, ಪುಡಿ ಬಟ್ಟೆಯ ನೂಲಿಗೆ ಇಳಿದು, ಒಗೆದ ಮರುದಿನವೇ ಮತ್ತೆ ಮೂಡುವ ಕಲೆಯಾಗಿತ್ತು. ಬಲಗೈಯ ಹೆಬ್ಬೆರಳು, ತೋರುಬೆರಳು ಕೂಡ ಹಾಗೆಯೇ. ಮೇಷ್ಟ್ರಾಗಿದ್ದವನು ನಾನು. ನನ್ನ ಬೆರಳುಗಳು ನಿವೃತ್ತಿಯಾದ ವಾರಕ್ಕೇ ಸ್ವಚ್ಛವಾದವು.

ಅವನು ನನ್ನ ಶಿಷ್ಯ, ಆಮೇಲೆ ಆರು ವರ್ಷ ನಾನು ಓಡಾಡಿದ ಟ್ಯಾಕ್ಸಿಯ ಡ್ರೈವರ್. ಐವತ್ತು ದಾಟಿದವನನ್ನು ಏಕವಚನದಲ್ಲಿ ಬರೆಯುವುದು ಸರಿಯಲ್ಲ ಎಂದು ಗೊತ್ತು. ಆದರೆ ಬಹುವಚನ ಹಾಕಿದರೆ ಅವನನ್ನು ದೂರ ಸರಿಸಿದಂತಾಗುತ್ತದೆ. ಅದನ್ನು ಒಂದು ಸಲ ಮಾಡಿದ್ದೇ ಸಾಕು.

ಚಾಮರಾಜಪೇಟೆಯ ಶಾಲೆಯೊಂದರಲ್ಲಿ ನಾನು ಡ್ರಿಲ್ ಮೇಷ್ಟ್ರು. ಅಂಗಳದಲ್ಲಿ ಒಂದೇ ನಲ್ಲಿ, ಇನ್ನೂರು ಮಕ್ಕಳು, ಹದಿನೈದು ನಿಮಿಷದ ಬಿಡುವು. ನೂಕುನುಗ್ಗಲಿನಲ್ಲಿ ಒಬ್ಬ ಹುಡುಗಿಯ ಹಲ್ಲು ಮುರಿದ ಮೇಲೆ, ನೆಲದ ಮೇಲೆ ಸೀಮೆಸುಣ್ಣದಿಂದ ಸಾಲಾಗಿ ಅಂಕಿ ಬರೆಸಿದೆ. ಬಂದವರು ಬಂದ ಹಾಗೆ ಅಂಕಿಯ ಮೇಲೆ ನಿಲ್ಲಬೇಕು, ಮುಂದಿನವನು ಸರಿದರೆ ಹಿಂದಿನವನು ಸರಿಯಬೇಕು. ಅಳಿಸಿಹೋದ ಅಂಕಿ ತಿದ್ದುವ ಕೆಲಸ ಐದನೇ ಕ್ಲಾಸಿನ ಇವನದು. ಇಡೀ ಶಾಲೆ ಇವನನ್ನು ‘ನಲ್ಲಿ ಮಾನಿಟರ್’ ಎಂದೇ ಕರೆಯುತ್ತಿತ್ತು. ತಂದೆತಾಯಿ ಇರಲಿಲ್ಲ. ಊದುಬತ್ತಿ ಹೊಸೆಯುತ್ತಿದ್ದ ಅಕ್ಕ ಸಾಕುತ್ತಿದ್ದಳು. ಪ್ರೋಗ್ರೆಸ್ ಕಾರ್ಡಿಗೆ ಅವಳೇ ಬಂದು ಹೆಬ್ಬೆಟ್ಟು ಒತ್ತುತ್ತಿದ್ದಳು. ಆಮೇಲೆ ಎರಡು ದಿನ ಆ ಕಾರ್ಡಿನಿಂದ ಊದುಬತ್ತಿಯ ವಾಸನೆ ಬರುತ್ತಿತ್ತು.

ಒಂದು ದಿನ ಹೆಡ್‌ಮಾಸ್ಟರ ಮಗ, ಆರನೇ ಕ್ಲಾಸಿನವನು, ಸಾಲು ಬಿಟ್ಟು ಸೀದಾ ನಲ್ಲಿಗೆ ಬಾಯಿ ಹಾಕಿದ. ಇವನು ಅವನ ತೋಳು ಹಿಡಿದು ಹಿಂದಕ್ಕೆಳೆದ. ಗಲಾಟೆ ಕೇಳಿ ಹೆಡ್‌ಮಾಸ್ಟರು ಹೊರಗೆ ಬಂದರು. ಇವನ ಮುಖ ಬಿಳಿಚಿಕೊಂಡಿತು. ನಾನು ಮಧ್ಯೆ ಹೋಗಿ, “ಸಾರ್, ನಿಮ್ಮ ಹುಡುಗನ ನಂಬರು ಹತ್ತೊಂಬತ್ತು. ಅಲ್ಲಿ ಹೋಗಿ ನಿಲ್ಲಲಿ,” ಎಂದೆ. ಹೆಡ್‌ಮಾಸ್ಟರು ನನ್ನನ್ನೇ ಒಂದು ಗಳಿಗೆ ನೋಡಿ, ಮಗನಿಗೆ ಹಿಂದೆ ಹೋಗು ಎಂದು ಕೈಸನ್ನೆ ಮಾಡಿದರು. ನಡೆದದ್ದು ಇಷ್ಟೇ. ನಾನು ಅದನ್ನು ಮರೆತೂ ಬಿಟ್ಟಿದ್ದೆ. ಅವನು ಮರೆತಿರಲಿಲ್ಲ.

ನಿವೃತ್ತಿಯ ನಂತರ ನಾನು ದಾವಣಗೆರೆಯ ಒಂದು ವಿದ್ಯಾರ್ಥಿನಿಲಯದ ಆಡಳಿತ ಮಂಡಳಿಯ ಸದಸ್ಯನಾದೆ. ಪ್ರತಿ ತಿಂಗಳ ಎರಡನೇ ಶನಿವಾರ ಅಲ್ಲಿ ಸಭೆ. ಒಮ್ಮೆ ತ್ಯಾಗರಾಜನಗರದ ನಮ್ಮ ಮನೆ ಮುಂದೆ ಬಂದು ನಿಂತ ಟ್ಯಾಕ್ಸಿಯಿಂದ ಒಬ್ಬ ನರೆತ ತಲೆಯವನು ಇಳಿದು, ಅಟೆನ್ಷನ್‌ನಲ್ಲಿ ನಿಂತು, “ಡ್ರಿಲ್ ಸಾರ್ ಅಲ್ವಾ? ನಾನು ಸಾರ್, ನಲ್ಲಿ ಮಾನಿಟರ್!” ಎಂದ. ಅಂದಿನಿಂದ ಬೇರೆ ಗಾಡಿ ಕರೆಯಲಿಲ್ಲ. ನಾನು ಬೆಳಗಿನ ಐದೂವರೆ ಎಂದರೆ ಅವನು ಐದೂ ಇಪ್ಪತ್ತಕ್ಕೆ ಬಂದು ರಸ್ತೆಯ ತಿರುವಿನಲ್ಲಿ ನಿಂತಿದ್ದು, ಸರಿಯಾಗಿ ಐದೂವರೆಗೆ ಗೇಟಿನ ಮುಂದೆ ಬರುತ್ತಿದ್ದ. “ಮುಂಚೆ ಬಂದ್ರೂ ತಪ್ಪೇ ಅಂತ ನೀವೇ ಹೇಳಿದ್ರಲ್ಲ ಸಾರ್,” ಎನ್ನುತ್ತಿದ್ದ. ನಾನು ಯಾವಾಗ ಹೇಳಿದ್ದೆನೋ!

ಎರಡು ವರ್ಷದ ಹಿಂದೆ ಅವನು ಎಲೆಕ್ಟ್ರಿಕ್ ಕಾರು ತಂದ. ಆಗಲೇ ಜೇಬಿಗೆ ಸೀಮೆಸುಣ್ಣ ಬಂದದ್ದು. ಹೆದ್ದಾರಿಯಲ್ಲಿ ಶಿರಾದ ಆಚೆ, ಹೋಟೆಲೊಂದರ ಹಿಂಭಾಗದಲ್ಲಿ ಚಾರ್ಜ್ ಮಾಡುವ ಜಾಗ. ಕಾರಿಗೆ ಸಿಕ್ಕಿಸುವ ಎರಡು ಚಾರ್ಜಿಂಗ್ ಗನ್ನು, ಅದರಲ್ಲಿ ಒಂದು ಕೆಟ್ಟಿರುತ್ತಿದ್ದುದೇ ಹೆಚ್ಚು. ರಜೆ ಬಂತೆಂದರೆ ಹತ್ತು ಹನ್ನೆರಡು ಕಾರು ಅಡ್ಡಾದಿಡ್ಡಿ ನಿಂತು, ಯಾರು ಮೊದಲು, ಯಾರು ಆಮೇಲೆ ಎಂದು ಕೂಗಾಟ. ಇವನು ಇಳಿದು, ಯಾರನ್ನೂ ಕೇಳದೆ, ಪ್ರತಿ ಕಾರಿನ ಮುಂದೆ ನೆಲದ ಮೇಲೆ ಒಂದು, ಎರಡು, ಮೂರು ಎಂದು ಬರೆದುಬಿಡುತ್ತಿದ್ದ. ಅಚ್ಚರಿಯೆಂದರೆ ಜನ ಒಪ್ಪುತ್ತಿದ್ದರು. ನೆಲದ ಮೇಲೆ ಅಂಕಿ ಕಂಡರೆ ನಮ್ಮವರಿಗೆ ಅದೇನೋ ಭಯ. ಸರದಿ ಕಾಯುವವರಿರುವಾಗ ಯಾರೂ ಎಂಬತ್ತು ಪರ್ಸೆಂಟಿಗಿಂತ ಹೆಚ್ಚು ತುಂಬಿಸಬಾರದು ಎಂಬುದು ಅವನ ಇನ್ನೊಂದು ನಿಯಮ. ಎಂಬತ್ತು ದಾಟಿದ ಮೇಲೆ ತುಂಬುವುದು ತೀರಾ ನಿಧಾನವಂತೆ.

“ಎಂಬತ್ತಾಯ್ತು, ಗನ್ ತೆಗೀರಿ ಸಾರ್. ಅದರ ಮೇಲೆ ಕಾರು ಊಟ ಮಾಡಲ್ಲ, ಉಪ್ಪಿನಕಾಯಿ ನೆಕ್ಕುತ್ತೆ ಅಷ್ಟೇ.”

ಒಮ್ಮೆ ಒಬ್ಬ ಯುವಕ ರೇಗಿದ. “ಹೇಳಕ್ಕೆ ನೀನ್ಯಾರು ಗುರು? ಈ ಜಾಗ ನಿಂದಾ?”

“ನಾನ್ಯಾರೂ ಅಲ್ಲ ಸಾರ್. ಆರನೇ ನಂಬರು.”

ಸುತ್ತಲಿದ್ದವರು ನಕ್ಕರು. ಯುವಕನೂ ನಕ್ಕು ಗನ್ನು ತೆಗೆದ. ಸರದಿ ಬರುವವರೆಗೆ ಇವನು ಎಲ್ಲರಿಗೂ ಹೆಡ್‌ಮಾಸ್ಟರ ಮಗನ ಕಥೆ ಹೇಳುತ್ತಿದ್ದ. ಕೊನೆಗೆ ನನ್ನ ಕಡೆ ಕೈ ತೋರಿಸಿ, “ಇವ್ರೇ ಅವ್ರು,” ಎನ್ನುತ್ತಿದ್ದ. ನಾನು ಸಂಕೋಚದಿಂದ ಪತ್ರಿಕೆ ಬಿಡಿಸುತ್ತಿದ್ದೆ. ಒಳಗೊಳಗೆ ಹಿಗ್ಗುತ್ತಿದ್ದೆ ಎಂದೂ ಬರೆಯಬೇಕು.

ಕಳೆದ ವರ್ಷದ ಒಂದು ಎರಡನೇ ಶನಿವಾರ. ಸೋಮವಾರವೂ ರಜೆ. ನಾನು ಕಾರು ಹತ್ತುವಾಗಲೇ ಅವನು ಹೇಳಿದ: “ಸಾರ್, ಅಕ್ಕನಿಗೆ ಇವತ್ತು ದುರ್ಗದ ಆಸ್ಪತ್ರೇಲಿ ಆಪರೇಷನ್ನು. ಹಾರ್ಟಿಂದು. ಹನ್ನೊಂದಕ್ಕೆ ಒಳಗೆ ಕರ್ಕೊಂಡ್ ಹೋಗ್ತಾರಂತೆ. ಅದಕ್ಕೆ ಮುಂಚೆ ನಿನ್ ಮುಖ ನೋಡ್ಬೇಕು ಅಂದ್ಲು. ದಾರೀಲಿ ಹತ್ತೇ ಹತ್ತು ನಿಮಿಷ ನಿಲ್ಲಿಸ್ಲಾ?”

“ಅದಕ್ಕೇನಪ್ಪ, ನಿಲ್ಲಿಸು,” ಎಂದೆ. ಅಕ್ಕ ಮದುವೆಯಾಗಿ ಚಿತ್ರದುರ್ಗಕ್ಕೆ ಹೋಗಿ ವರ್ಷಗಳಾಗಿದ್ದವು. ನಮ್ಮ ಸಭೆ ಇದ್ದದ್ದು ಒಂದು ಗಂಟೆಗೆ. ಸಮಯ ಬೇಕಾದಷ್ಟಿತ್ತು.

ಆದರೆ ಅವನ ಬೀದಿಯಲ್ಲಿ ಹಿಂದಿನ ರಾತ್ರಿ ಕರೆಂಟು ಹೋಗಿ ಕಾರು ಅರ್ಧವೇ ತುಂಬಿತ್ತು. ಶಿರಾದ ಆಚೆ ನಿಲ್ಲಿಸಲೇಬೇಕಾಯಿತು. ಒಂದು ಗನ್ನು ಕೆಟ್ಟಿತ್ತು. ಅವನು ಇಳಿದು ಅಂಕಿ ಬರೆದ. ನಮ್ಮದು ನಾಲ್ಕು. ಹಿಂದೆ ಇನ್ನೂ ಐದಾರು ಕಾರು ಬಂದು ಸೇರಿಕೊಂಡವು.

ಮೊದಲನೇ ಕಾರಿನವರು ಮದುವೆಗೆ ಹೊರಟ ಸಂಸಾರ, ಒಳ್ಳೆಯ ಜನ. ಅವನು ಅತ್ತ ನೋಡಿದ, ನನ್ನತ್ತ ನೋಡಿದ. “ಸಾರ್, ವಿಷಯ ಹೇಳಿ ಕೇಳಿದ್ರೆ ಬಿಟ್ಕೊಡ್ತಾರೇನೋ.”

“ಬೇಡಪ್ಪ,” ಎಂದೆ. “ಎಲ್ಲರಿಗೂ ಒಂದೊಂದು ಕಾರಣ ಇರುತ್ತೆ. ನೀನೇ ಬರೆದ ಸಾಲು, ನೀನೇ ಮುರಿದರೆ ಹೇಗೆ?”

ಅವನು ತಕ್ಷಣ ಒಪ್ಪಿದ. “ಹೌದು ಸಾರ್. ಹೀಗೇ ಹೋದ್ರೂ ಹತ್ತೂ ಮುಕ್ಕಾಲಿಗೆ ದುರ್ಗದಲ್ಲಿರ್ತೀವಿ.” ಅಕ್ಕನಿಗೆ ಫೋನು ಮಾಡಿ ಹಾಗೇ ಹೇಳಿದ. ನಾನೂ ಗಡಿಯಾರ ನೋಡಿ ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿತ್ತು.

ಮೂರನೇ ಕಾರಿನದು ಮುಗಿಯುತ್ತಾ ಬಂದಿತ್ತು. ಅವನು ನಮ್ಮ ಕಾರನ್ನು ಮುಂದೆ ತರಲು ಹೊರಟಿದ್ದ. ಆಗ ಬಿಳಿಯ ದೊಡ್ಡ ಎಲೆಕ್ಟ್ರಿಕ್ ಕಾರೊಂದು ಧೂಳೆಬ್ಬಿಸಿಕೊಂಡು ಬಂದು, ಸಾಲನ್ನು ಬಳಸಿ, ಸೀದಾ ಗನ್ನಿನ ಪಕ್ಕ ಮೂತಿ ತೂರಿಸಿ ನಿಂತಿತು. ಇವನು ಓಡಿಹೋಗಿ ಬಾನೆಟ್ಟಿನ ಮೇಲೆ ಕೈ ಇಟ್ಟ. “ಲೈನಿದೆ ಸಾರ್. ನಿಮ್ದು ಹತ್ತನೇ ನಂಬರು.”

ಹಿಂದಿನ ಸೀಟಿನ ಗಾಜು ಇಳಿಯಿತು. ಒಳಗಿದ್ದವರು ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು. ಅವನನ್ನು ದಾಟಿ ಅವರ ಕಣ್ಣು ನನ್ನ ಮೇಲೆ ಬಿತ್ತು.

“ಓಹೋ, ಮೇಷ್ಟ್ರು! ಒಳ್ಳೇದಾಯ್ತು ಬಿಡಿ. ಸಭೆಗೆ ಮುಂಚೆ ನಾಲ್ಕು ಜನರ ಹತ್ರ ನಿಮ್ಮ ವಿಷಯ ಮಾತಾಡ್ಬೇಕು ನಾನು. ನಂದು ಮೊದ್ಲು ಹಾಕ್ಸ್ಕೊಂಡ್ಬಿಡ್ಲಾ?”

ನನ್ನ ವಿಷಯ ಎಂದರೆ, ಅಂದಿನ ಸಭೆಯಲ್ಲಿ ನನ್ನನ್ನು ಕಾರ್ಯದರ್ಶಿಯಾಗಿ ಆರಿಸುವುದಿತ್ತು. ಮೂರು ವರ್ಷದಿಂದ ನಾನು ಅದಕ್ಕೆ ಕಾದಿದ್ದೆ.

ಅವನು ತಿರುಗಿ ನನ್ನನ್ನು ನೋಡಿದ. ಅವನ ಮುಖದಲ್ಲಿ ಆತಂಕ ಇರಲಿಲ್ಲ. ನೆಮ್ಮದಿ ಇತ್ತು. ನಾನು ಏನು ಹೇಳುತ್ತೇನೆ ಎಂದು ತನಗೆ ಗೊತ್ತಿದೆ ಎಂಬ ನೆಮ್ಮದಿ. ಹಿಂದೆ ನಿಂತವರು ಸಹ ಆಗತಾನೆ ಅವನ ಬಾಯಿಂದ ಕಥೆ ಕೇಳಿ ನನ್ನ ಕಡೆಯೇ ನೋಡುತ್ತಿದ್ದರು.

“ಆಗಲಿ ಸಾರ್, ಆಗಲಿ,” ಎಂದೆ.

ಹಿಂದೆ ಯಾರೋ, “ಇವ್ರೇನಾ ಆ ಮೇಷ್ಟ್ರು?” ಎಂದದ್ದು ಕೇಳಿಸಿತು. ಅವನು ಬಾನೆಟ್ಟಿನಿಂದ ಕೈ ತೆಗೆದ. ಮಂಡಿಯೂರಿ ಕೂತು ನಮ್ಮ ಕಾರಿನ ಮುಂದಿದ್ದ ನಾಲ್ಕನ್ನು ಅಂಗೈಯಿಂದ ಒರೆಸಿ ಐದು ಎಂದು ಬರೆದ. ಆಮೇಲೆ ಹಿಂದಿನ ಒಂದೊಂದೇ ಕಾರಿನ ಮುಂದೆ ಹೋಗಿ ಅಂಕಿ ತಿದ್ದಿದ. ಬೈಯುತ್ತಿದ್ದವರಿಗೆ “ಕ್ಷಮಿಸಿ ಸಾರ್” ಎಂದು ಕೈಮುಗಿದ. ಅಧ್ಯಕ್ಷರು ಕಾಫಿ ಕುಡಿಯಲು ಹೋದವರು ಐವತ್ತು ನಿಮಿಷದ ಮೇಲೆ ಬಂದರು. ಕಾರು ತೊಂಬತ್ತೇಳು ತೋರಿಸುತ್ತಿತ್ತು. ಎಂಬತ್ತಾದಾಗ ಗನ್ನು ತೆಗೆಸಲು ಅವನು ಹೋಗಲಿಲ್ಲ. ನಾನೂ ಹೋಗಲಿಲ್ಲ.

ದುರ್ಗ ಮುಟ್ಟಿದಾಗ ಹನ್ನೊಂದೂ ನಲವತ್ತು. ಅವನು ಆಸ್ಪತ್ರೆಯೊಳಗೆ ಓಡಿ, ಐದೇ ನಿಮಿಷದಲ್ಲಿ ನಡೆದುಕೊಂಡು ಬಂದ.

“ಒಳಗೆ ಹೋಗ್ಬಿಟ್ಟಿದಾಳೆ ಸಾರ್. ಹೊರಗೆ ಬರಕ್ಕೆ ನಾಲ್ಕು ಗಂಟೆ ಆಗುತ್ತಂತೆ. ಬನ್ನಿ, ನಿಮ್ಮ ಸಭೆಗೆ ಹೊತ್ತಾಗುತ್ತೆ.”

ನಾನು ಹತ್ತಿ ಕೂತೆ. ನೀನು ಇಲ್ಲೇ ಇರು, ನಾನು ಬಸ್ಸಿನಲ್ಲಿ ಹೋಗುತ್ತೇನೆ ಎನ್ನಬಹುದಿತ್ತು. ಬಸ್‌ಸ್ಟ್ಯಾಂಡು ದೂರವಿರಲಿಲ್ಲ. ಎನ್ನಲಿಲ್ಲ.

ಸಭೆಯಲ್ಲಿ ನನಗೆ ಹಾರ ಹಾಕಿದರು. ಹಾರ ಹಿಡಿದುಕೊಂಡು ಹೊರಗೆ ಬಂದಾಗ ಅವನು ಕಾರಿಗೆ ಒರಗಿ ನಿಂತಿದ್ದ. ಫೋನು ಕೈಯಲ್ಲಿತ್ತು. ಅಕ್ಕ ಆಪರೇಷನ್ ಟೇಬಲ್ಲಿನ ಮೇಲೆಯೇ ಹೋಗಿಬಿಟ್ಟಿದ್ದಳು. ಸ್ಟ್ರೆಚರ್ ತಳ್ಳುವಾಗ ಅವಳು ನರ್ಸಿಗೆ ಹೇಳಿದ ಮಾತನ್ನು ಭಾವ ಅವನಿಗೆ ತಿಳಿಸಿದ್ದರು. ಅವನು ಅದನ್ನು ನನಗೆ ಹೇಳಿದ, ಯಾವ ಏರಿಳಿತವೂ ಇಲ್ಲದೆ: “‘ಇನ್ನೊಂದೈದು ನಿಮಿಷ ನೋಡಮ್ಮ, ನನ್ ತಮ್ಮ ಹೇಳಿದ್ ಟೈಮಿಗೆ ಬರೋನು’ ಅಂದ್ಲಂತೆ ಸಾರ್.”

ಮುಂದಿನ ತಿಂಗಳೂ ಅವನು ಸರಿಯಾಗಿ ಐದೂವರೆಗೆ ಬಂದ. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಅವನು ಬೈಯಲಿಲ್ಲ. ಅದೇ ಜಾಗದಲ್ಲಿ ಕಾರು ನಿಲ್ಲಿಸಿದ. ಅದೇ ನೂಕುನುಗ್ಗಲು, ಅದೇ ಕೂಗಾಟ. ಅವನು ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದ.

“ನಂಬರ್ ಹಾಕಲ್ವೇನಪ್ಪ?” ಎಂದೆ.

“ಚಾಕ್ ಮುಗೀತು ಸಾರ್.”

ಇಬ್ಬರು ಕಿತ್ತಾಡುತ್ತಿದ್ದುದನ್ನು ಗಾಜಿನಾಚೆ ಸ್ವಲ್ಪ ಹೊತ್ತು ನೋಡಿದ. ಹಿಂದೆ ತಿರುಗದೆ ಕೇಳಿದ: “ಸಾರ್, ಹೆಡ್‌ಮಾಸ್ಟರ್ ಮಗನ್ನ ಅವತ್ತು ತಡೆದ್ರಲ್ಲ. ಅವನು ಚಿಕ್ಕ ಹುಡುಗ ಅಂತಾನಾ?”

ನಲವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನು ನಾನು. ಉತ್ತರ ಗೊತ್ತಿಲ್ಲದ ಹುಡುಗ ನೆಲ ನೋಡುತ್ತಾನೆ. ಉತ್ತರ ಗೊತ್ತಿದ್ದೂ ಹೇಳಲಾಗದವನೂ ಹಾಗೇ ನೆಲ ನೋಡುತ್ತಾನೆಂದು ಅಂದು ತಿಳಿಯಿತು.

ಅದು ಅವನ ಕೊನೆಯ ದಾವಣಗೆರೆ ಪ್ರಯಾಣ. ಆಮೇಲೆ ಬೇರೆ ಡ್ರೈವರನನ್ನು ಕಳಿಸಿದ. ಫೋನು ಮಾಡಿದರೆ ಮರ್ಯಾದೆಯಿಂದ ಮಾತನಾಡುತ್ತಿದ್ದ, ತಾನಾಗಿ ಮಾಡುತ್ತಿರಲಿಲ್ಲ. ಕಾರು ಮಾರಿ, ತರಗುಪೇಟೆಯಲ್ಲಿ ಬೇಳೆ ಮೂಟೆ ಸಾಗಿಸುವ ಎಲೆಕ್ಟ್ರಿಕ್ ಗೂಡ್ಸ್ ಆಟೋ ಓಡಿಸುತ್ತಿದ್ದಾನೆಂದು ಯಾರೋ ಹೇಳಿದರು. ನಾನು ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಬರೆದು ಕಳಿಸಿದ ಮರುದಿನ ಅವನನ್ನು ಹುಡುಕಿಕೊಂಡು ಹೋದೆ. ರಾಜೀನಾಮೆಯ ಪ್ರತಿಯೂ ಜೇಬಿನಲ್ಲಿತ್ತು. ತೋರಿಸಬೇಕೆಂದಿದ್ದೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಅವನಿಗೆ ಆ ಕಾಗದದಿಂದ ಏನಾಗಬೇಕಿತ್ತು?

ಬೇಳೆ ಮಂಡಿಯ ಮುಂದೆ ಲೋಡಿಗಾಗಿ ಗೂಡ್ಸ್ ಆಟೋಗಳು ಸಾಲಾಗಿ ನಿಂತಿದ್ದವು. ಅವನದು ಮೂರನೆಯದು. ನನ್ನನ್ನು ಕಂಡ ಕೂಡಲೇ ಇಳಿದು ನಿಂತ. ಅದೇ ಖಾಕಿ ಅಂಗಿ. ಮೈಯೆಲ್ಲ ಬೇಳೆಯ ಧೂಳು, ಆದರೆ ಎಡ ಜೇಬಿನ ತಳದಲ್ಲಿ ಬಿಳುಪು ಇರಲಿಲ್ಲ.

“ಬನ್ನಿ ಸಾರ್, ಚೆನ್ನಾಗಿದೀರಾ? ಕಾಫಿ ತರಿಸ್ಲಾ?”

“ಕಾಫಿ ಬೇಡಪ್ಪ. ಅವತ್ತು ಶಿರಾದಲ್ಲಿ ನಾನು...” ಎಂದು ಶುರುಮಾಡಿದೆ.

ಮುಂದಿನ ಆಟೋ ಸರಿಯಿತು. ಹಿಂದಿನವನು ಹಾರನ್ ಒತ್ತಿದ. ಅವನು ನನ್ನ ಮುಖವನ್ನೂ ಖಾಲಿಯಾದ ಜಾಗವನ್ನೂ ನೋಡಿದ.

“ಲೈನ್ ಮುಂದೆ ಹೋಯ್ತು ಸಾರ್. ನಾನು ನಿಂತ್ರೆ ಹಿಂದಿನವರಿಗೆ ತೊಂದರೆ. ಬರ್ತೀನಿ.”

ಅವನು ಹತ್ತಿ ಗಾಡಿಯನ್ನು ಮುಂದೆ ಸರಿಸಿದ. ಸರಿಸಿದ್ದು ಒಂದೇ ಗಾಡಿಯಷ್ಟು ಜಾಗ, ಹತ್ತು ಹೆಜ್ಜೆ. ನಾನು ನಡೆದು ಹೋಗಿ ಮಾತು ಮುಗಿಸಬಹುದಿತ್ತು. ಅವನು ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದನೋ ಏನೋ. ಹಿಂದಿನ ಆಟೋದವನು ತಲೆ ಹೊರಹಾಕಿ, “ಯಜಮಾನ್ರೇ, ಸ್ವಲ್ಪ ಪಕ್ಕಕ್ ಬನ್ನಿ, ನಮ್ ಸರದಿ,” ಎಂದು ಕೂಗಿದ.

ನಾನು ಪಕ್ಕಕ್ಕೆ ಬಂದೆ.