ಸೂರತ್ತಿಗೆ ಹೋಗದ ವರ್ಷ

ಹನ್ನೊಂದನೆಯ ತರಗತಿಯಲ್ಲಿ ನಾನು ಭೂಗೋಳ ತೆಗೆದುಕೊಂಡಾಗ ಒಪ್ಪಿದವನು ಅಪ್ಪ ಒಬ್ಬನೇ. ಧಾರವಾಡದ ನೆಂಟರೆಲ್ಲ ಸೈನ್ಸ್ ಬಿಟ್ಟರೆ ಬೇರೆ ಮಾತೇ ಆಡುತ್ತಿರಲಿಲ್ಲ. "ಅಕಿಗೆ ನಕಾಶೆ ಅಂದ್ರ ಜೀವ. ಓದ್ಲಿ ಬಿಡ್ರಿ" ಎಂದು ಅಪ್ಪ ಅವರ ಬಾಯಿ ಮುಚ್ಚಿಸಿದ. ಅವನ ಮಾತು ನಿಜವೇ ಆಗಿತ್ತು. ಗುಡ್ಡದ ಏರಿಳಿತ ತೋರಿಸುವ ಬಾಗು ಗೆರೆಗಳನ್ನು ಎಳೆಯುತ್ತ ಕೂತರೆ ನನಗೆ ಊಟದ ನೆನಪೂ ಆಗುತ್ತಿರಲಿಲ್ಲ.

ಆಗ ನಾವು ವಡೋದರಾದ ಮಂಜಲ್‌ಪುರದಲ್ಲಿ ಬಾಡಿಗೆಗಿದ್ದೆವು. ನಾನು ಹನ್ನೆರಡಕ್ಕೆ ಬರುವ ಹೊತ್ತಿಗೆ ಅಪ್ಪನ ಬ್ಯಾಂಕು ಅವನನ್ನು ಸೂರತ್ತಿಗೆ ವರ್ಗ ಮಾಡಿತು. ನನ್ನನ್ನು ಸೇರಿಸಿಕೊಳ್ಳಲು ಅಲ್ಲಿನ ಒಂದು ಶಾಲೆಯವರು ಒಪ್ಪಿದರು, ಆದರೆ ಅವರಲ್ಲಿ ಭೂಗೋಳ ಇರಲಿಲ್ಲ.

"ಸೈಕಾಲಜಿ ತಗೋ. ಎಲ್ಲಾರೂ ಕೂಡೇ ಇರೋಣು" ಎಂದಳು ಅವ್ವ.

ನಾನು ಬರುವುದಿಲ್ಲ ಎಂದು ಹಟ ಹಿಡಿದೆ, ಅತ್ತುಬಿಟ್ಟೆ. ಕೊನೆಗೆ ಅಪ್ಪನೇ, "ನಾ ಒಬ್ನ ಹೋಗ್ತೀನಿ, ನೀವಿಬ್ರೂ ಇಲ್ಲೇ ಇರ್ರಿ" ಎಂದ. ಬ್ಯಾಂಕಿನ ಹತ್ತಿರ ಒಂದು ಕೋಣೆ ಹಿಡಿದ. ಶನಿವಾರ ಸಂಜೆಯ ರೈಲಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದ. ಬರುಬರುತ್ತ ಅವನ ಪ್ಯಾಂಟು ಸೊಂಟದಲ್ಲಿ ಸಡಿಲವಾಯಿತು. ಅವ್ವ ಅದನ್ನು ಬಿಗಿಮಾಡಿ ಹೊಲಿಯುವಾಗ ನನ್ನತ್ತ ನೋಡುತ್ತಿರಲಿಲ್ಲ.

ಆ ಮಳೆಗಾಲ ಸೂರತ್ತಿನಲ್ಲಿ ನೀರು ನುಗ್ಗಿತು. ನೀರಿಳಿದ ಮೇಲೆ ಪ್ಲೇಗಿನ ಸುದ್ದಿ ಬಂತು. ಅಲ್ಲಿಂದ ಬರುವ ರೈಲುಗಳಲ್ಲಿ ಮೂಗಿಗೆ ಕರ್ಚೀಫು ಕಟ್ಟಿಕೊಂಡ ಜನ ಬಾಗಿಲಿಗೆ ಜೋತುಬಿದ್ದು ಬರುತ್ತಿದ್ದುದನ್ನು ಟಿವಿಯಲ್ಲಿ ನೋಡಿದೆವು. ಪಕ್ಕದ ಮನೆಗೆ ಹೋಗಿ ಅವ್ವ ಬ್ಯಾಂಕಿಗೆ ಫೋನು ಹಚ್ಚಿದಳು. "ಊರು ಬಿಡೋರು ರೊಕ್ಕಕ್ಕ ನಿಂತಾರ. ಬಾಗ್ಲಾ ಹಾಕಿ ಹೆಂಗ ಬರ್ಲಿ?" ಎಂದನಂತೆ ಅಪ್ಪ.

ಮನೆಗೆ ಬಂದು ಅವ್ವ ಒಲೆಯ ಮುಂದೆ ನಿಂತಳು. ನಾನು ಹತ್ತಿರ ಹೋದಾಗ, "ನೀ ಓದ್ಕೋ ಹೋಗು" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಶಾಲೆಯಲ್ಲಿ ಆಗ ವಲಸೆಯ ಪಾಠ ನಡೆದಿತ್ತು. ಜನ ಊರು ಬಿಡುವುದಕ್ಕೆ ಕಾರಣಗಳೇನು ಎಂದು ಮೇಡಂ ಕೇಳಿದರು. ಹಿಂದಿನ ಬೆಂಚಿನಿಂದ ಯಾರೋ "ಪ್ಲೇಗ್" ಎಂದರು, ಒಂದಿಬ್ಬರು ನಕ್ಕರು. ಎಲ್ಲರೂ ಬಿಟ್ಟು ಬರುತ್ತಿದ್ದ ಊರಿನಲ್ಲಿ ಅಪ್ಪ ಒಬ್ಬನೇ ಇದ್ದ. ಅವನ ಜೊತೆ ಯಾರೂ ಇಲ್ಲದಂತೆ ಮಾಡಿದವಳು ನಾನು, ಈ ಪಾಠಕ್ಕಾಗಿ.

ಗಲಾಟೆ ತಗ್ಗಿದ ಮೇಲೆ ಅಪ್ಪ ಬಂದ. ಗೇಟಿನ ಹೊರಗೇ ನಿಂತ. ಮನೆಯೊಡತಿ ಮಹಡಿಯಿಂದ, "ಭಾಯಿ, ಪೆಹಲೇ ಡಾಕ್ಟರ್ ಕೋ ದಿಖಾವೋ" ಎಂದರು. ಅವನು ಹೋಗಿ ಡಾಕ್ಟರಿಗೆ ತೋರಿಸಿಕೊಂಡೇ ಬಂದ. ಆದರೂ ಹೊರಗಿನ ಕೋಣೆಯಲ್ಲೇ ಇದ್ದ, ತಟ್ಟೆ ಲೋಟ ತಾನೇ ತೊಳೆದುಕೊಂಡ.

ನಾನು ಬಾಗಿಲಲ್ಲಿ ನಿಂತು, "ಅಪ್ಪಾ, ನನ್ನ ಸಲುವಾಗಿ ನೀ ಒಬ್ನ..." ಎಂದೆ.

"ಹುಚ್ಚಿ. ನಿಮ್ಮಿಬ್ರನೂ ಅಲ್ಲಿ ಇಟ್ಕೊಂಡಿದ್ರ ನಾ ಏನ್ ಮಾಡ್ಬೇಕಿತ್ತು? ನೀ ಹಟಾ ಮಾಡಿದ್ದ ಛಲೋ ಆತು" ಎಂದು ನಕ್ಕ. ನಾನು ಅದನ್ನು ನಂಬಲು ಪ್ರಯತ್ನಪಟ್ಟೆ. ಪರೀಕ್ಷೆಯಾಯಿತು, ಭೂಗೋಳದಲ್ಲಿ ಒಳ್ಳೆಯ ಅಂಕವೇ ಬಂತು. ಅಂಕಪಟ್ಟಿ ನೋಡಿ ಅಪ್ಪ ಎಲ್ಲರಿಗೂ ಪೇಢೆ ಹಂಚಿದ. ನನ್ನ ಪಾಲಿನದನ್ನು ನಾನು ತಿನ್ನದೆ ಪೆಟ್ಟಿಗೆಗೇ ಹಾಕಿದೆ.

ನಾಲ್ಕೈದು ವರ್ಷಗಳಾದ ಮೇಲೆ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಅಪ್ಪನ ಹಳೆಯ ಸಹೋದ್ಯೋಗಿಯೊಬ್ಬರ ಹೊಸ ಮನೆಯ ವಾಸ್ತುಶಾಂತಿಗೆ ಹೋಗಿದ್ದೆವು. ಅವರು ಉಡುಪಿ ಕಡೆಯವರು. ಊಟಕ್ಕೆ ಕೂತಾಗ ಅವರು ಅವ್ವನಿಗೆ ಹೇಳಿದರು: "ಪ್ಲೇಗಿನ ಗಲಾಟೆಯಲ್ಲಿ ಸೂರತ್ತಿನಲ್ಲಿ ನನಗೆ ಜ್ವರ ಬಂದದ್ದು ನೋಡಿ, ಪಕ್ಕದ ಕೋಣೆಯವರೆಲ್ಲ ಓಡಿಹೋದರು. ನಿಮ್ಮ ಯಜಮಾನರೇ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಕಡೆಗೆ ಅದು ಬರೀ ಮಲೇರಿಯಾ, ಆದರೆ ಆಗ ಯಾರಿಗೆ ಗೊತ್ತಿತ್ತು? ನೀವು ಹತ್ತಿರ ಬರಬೇಡಿ ಅಂದೆ. ಹೆಂಡತಿ, ಮಗಳು ವಡೋದರಾದಲ್ಲಿದ್ದಾರೆ, ನನಗೇನು ಹೆದರಿಕೆ ಅಂದರು."

ಅವ್ವನಿಗೂ ಅದು ಗೊತ್ತಿರಲಿಲ್ಲ. ಅವಳ ಕೈ ಎಲೆಯ ಮೇಲೆ ನಿಂತಿತು. ಅವಳು ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಪ್ಪ ಬಡಿಸುವವರನ್ನು ಕರೆದು ಇನ್ನಷ್ಟು ಸಾರು ಹಾಕಿಸಿಕೊಂಡ.