ಅಂಬರಾಯ ತೆಗೆದ ಚಿಕ್ಕ ಡ್ರೈವ್

ಸೇಡಂನ ಅಂಬರಾಯನ ಫೋಟೊ ಸ್ಟುಡಿಯೊಗೆ ಆಲ್ಬಮ್ ಕೇಳಲು ಬರುವವರಿಗಿಂತ ತಮ್ಮ ಮನೆ ನೋಡಲು ಬರುವವರೇ ಹೆಚ್ಚಿದ್ದರು. ಅವನ ಊರು ಈಗಿಲ್ಲ. ಸುಣ್ಣದಕಲ್ಲಿನ ಗಣಿಗೆ ಹೋಯಿತು. ಊರು ಖಾಲಿಯಾಗುವ ಮೊದಲು ಅವನು ಓಣಿ ಓಣಿ ತಿರುಗಿ, ಒಂದೊಂದು ಮನೆಯವರನ್ನೂ ಬಾಗಿಲಲ್ಲಿ ನಿಲ್ಲಿಸಿ, ಮಾತಾಡಿಸಿ ವಿಡಿಯೊ ತೆಗೆದಿದ್ದ. ವಾಡಿ, ಚಿಂಚೋಳಿ ಅಂತ ಚೆದುರಿಹೋದವರು ಸಂತೆಗೆ ಬಂದಾಗ ಸ್ಟುಡಿಯೊದ ಬೆಂಚಿನ ಮೇಲೆ ಕುಳಿತು ತಮ್ಮ ಹೊಸ್ತಿಲು ನೋಡಿ ಹೋಗುತ್ತಿದ್ದರು.

ಆ ವಿಡಿಯೊಗಳೆಲ್ಲ ಒಳಕೋಣೆಯ ಕಂಪ್ಯೂಟರಿನಲ್ಲಿದ್ದವು. ಅಲ್ಲಿ ನಾಲ್ಕು ದೊಡ್ಡ ಹಾರ್ಡ್‌ಡಿಸ್ಕ್‌ಗಳನ್ನು ಝಡ್‌ಎಫ್‌ಎಸ್ ಎಂಬ ವ್ಯವಸ್ಥೆ ಕೂಡಿಸಿ ಒಂದೇ ಉಗ್ರಾಣ ಮಾಡಿತ್ತು. ಅದಕ್ಕೆ ಪೂಲ್ ಎನ್ನುತ್ತಾರೆ. ಒಂದು ಡಿಸ್ಕ್ ಕೆಟ್ಟರೂ ಉಳಿದವು ಕಾಯುತ್ತವೆ ಎಂಬ ಧೈರ್ಯದಲ್ಲಿ ಅಂಬರಾಯ ಬೇರೆ ಕಡೆ ಪ್ರತಿ ಇಟ್ಟಿರಲಿಲ್ಲ. ಜೊತೆಗೆ ಎರಡು ಚಿಕ್ಕ ಡ್ರೈವ್‌ಗಳಿದ್ದವು. ಒಂದು ಕ್ಯಾಶ್ ಡ್ರೈವ್. ಅದರಲ್ಲಿರುವುದು ಬೇಗ ತೆರೆಯಲೆಂದು ಇಟ್ಟ ಕೆಲವು ವಿಡಿಯೊಗಳ ಬರೀ ನಕಲು. ಆಜ್ಞೆ ಕೊಟ್ಟು ತೆಗೆದರೆ ಏನೂ ಹೋಗುವುದಿಲ್ಲ. ಇನ್ನೊಂದರ ಹೆಸರು ಸ್ಪೆಷಲ್. ಯಾವ ವಿಡಿಯೊ ಎಲ್ಲಿದೆ ಎಂಬ ವಿಳಾಸಗಳೆಲ್ಲ ಅದರಲ್ಲೇ, ಅದೊಂದರಲ್ಲೇ ಇದ್ದವು. ಅಂಬರಾಯ ಎರಡೂ ಒಂದೇ ಅಂದುಕೊಂಡಿದ್ದ. ಭಜನೆಯಲ್ಲಿ ತಾಳದವನು ಎದ್ದು ಹೋದರೆ ಹಾಡು ನಿಲ್ಲುತ್ತದೆಯೇ ಎಂಬುದು ಅವನ ಲೆಕ್ಕ.

ಈ ಕಡೆಯ ಸ್ಟುಡಿಯೊದವರಲ್ಲಿ ಒಂದು ರೂಢಿಯಿದೆ. ಮದುವೆಯ ದಿನಗಳಲ್ಲಿ ಯಾರಿಗೆ ಲೆನ್ಸ್, ಡ್ರೈವ್ ಕಡಿಮೆ ಬಿದ್ದರೂ ಇನ್ನೊಬ್ಬರು ಕೊಡುತ್ತಾರೆ. ಡ್ರೈವ್ ಆದರೆ ಕೊಡುವವನೇ ಪೂರ್ತಿ ಅಳಿಸಿ ಕೊಡಬೇಕು. ಒಬ್ಬರ ಮನೆಯ ಹೆಣ್ಣುಮಕ್ಕಳ ಚಿತ್ರ ಇನ್ನೊಬ್ಬರ ಕೈಗೆ ಹೋಗಬಾರದು.

ಒಂದು ಮಧ್ಯಾಹ್ನ ವಾಡಿಯ ಸ್ಟುಡಿಯೊದ ಚಾಂದ್ ಓಡಿ ಬಂದ.

“ಅಂಬ್ಯಾ, ನಾಳಿ ಶಹಾಬಾದ್‌ನಾಗ ನಿಕಾ ಅದ. ನನ್ನ ಡ್ರೈವ್ ಕೈಕೊಟ್ಟದ. ಒಂದು ಕೊಡು.”

“ಕ್ಯಾಶ್ ಡ್ರೈವ್ ಆಗ್ಲೇ ಚಿತ್ತಾಪುರದವ್ರು ಒಯ್ದಾರೋ. ಇನ್ನೊಂದು ಪೂಲ್‌ನಾಗ ಅದ.”

“ತಗಿ ಅದನ್ನ. ನಿನ್ನ ಮಶಿನ್‌ನಾಗ ಇಡೀ ಊರೇ ಕುಂತದ. ಒಬ್ಬ ಎದ್ದು ಹೋದ್ರ ಯಾರಿಗಿ ಗೊತ್ತಾಗ್ತದ?”

ಅಂಬರಾಯ ನಗುತ್ತಲೇ ಆಜ್ಞೆ ಕೊಟ್ಟ. ಈ ಡ್ರೈವ್ ತೆಗೆಯಲು ಬರುವುದಿಲ್ಲ ಎಂದು ಪರದೆಯ ಮೇಲೆ ಬಂತು. ಮತ್ತೆ ಕೊಟ್ಟ. ಮತ್ತೆ ಅದೇ ಉತ್ತರ.

“ಮೊದಲಿಂದು ಒಂದೇ ಮಾತಿಗಿ ಬಿಟ್ಟಿತ್ತು. ಇದು ಭಾಳ ಹಟ ಮಾಡ್ಲಿಕತ್ತದ. ಬಂದ್ ಮಾಡಿ ತಗೀತೀನಿ, ತಡಿ.”

ಕಂಪ್ಯೂಟರ್ ಆರಿಸಿ ಡ್ರೈವ್ ಕಿತ್ತ. ರೂಢಿಯಂತೆ ಎಡಿಟಿಂಗಿನ ಇನ್ನೊಂದು ಕಂಪ್ಯೂಟರಿಗೆ ಹಚ್ಚಿ, ಅದರಲ್ಲಿ ಏನೂ ಉಳಿಯದಂತೆ ಅಳಿಸಿ ಚಾಂದ್‌ನ ಕೈಗಿಟ್ಟ.

ಚಾಂದ್ ಹೋದ ಮೇಲೆ ಕಂಪ್ಯೂಟರ್ ಹಚ್ಚಿದರೆ ಪೂಲ್ ತೆರೆಯಲಿಲ್ಲ. ಅಂಬರಾಯ ಫೋನ್ ಮಾಡಿದ. ಚಾಂದ್ ಅರ್ಧ ದಾರಿಯಿಂದ ತಿರುಗಿ ಬಂದ. ಡ್ರೈವ್ ಬಂತು, ಅದರೊಳಗಿನ ವಿಳಾಸಗಳು ಬರಲಿಲ್ಲ. ಕಲಬುರಗಿಯ ರಿಪೇರಿಯವನು ನಾಲ್ಕು ಡಿಸ್ಕ್ ಒಂದೊಂದಾಗಿ ನೋಡಿದ.

“ಇವೇನೂ ಕೆಟ್ಟಿಲ್ರಿ. ವಿಡಿಯೊ ಎಲ್ಲಾ ಇದರಾಗೇ ಅವ. ಖರೆ ಹುಡುಕಲಿಕ್ಕ ಯಾರಿಗೂ ಬರಂಗಿಲ್ಲ.”

ಅಂಬರಾಯನಿಗೆ ಇದನ್ನು ತಾಳಿಕೊಳ್ಳಲು ಆಗಲಿಲ್ಲ. ಸುಟ್ಟುಹೋಗಿದ್ದರೆ ಅತ್ತು ಮುಗಿಸಬಹುದಿತ್ತು.

ಮುಂದಿನ ಸಂತೆಗೆ ಚಿಂಚೋಳಿಯಿಂದ ಹೀರಾಬಾಯಿ ಬಂದಳು. ಊರಿನಲ್ಲಿ ಅಂಬರಾಯನ ಮನೆಯ ಪಕ್ಕದವಳು. ಅಂಬರಾಯ ಕಾಕಾ ಎಂದು ಕರೆಯುತ್ತಿದ್ದ ಅವಳ ಗಂಡ ಹಣಮಪ್ಪ ತೀರಿಕೊಂಡು ತಿಂಗಳಾಗಿತ್ತು. ಬಾಗಿಲಲ್ಲಿ ನಿಂತು ಅವನು ಹೆಂಡತಿಯನ್ನು ಗೇಲಿ ಮಾಡಿದ್ದು ಅವರ ಮನೆಯ ವಿಡಿಯೊದಲ್ಲಿತ್ತು.

“ಅಂಬರಾಯಾ, ನಿಮ್ಮ ಕಾಕಾನ ಹಚ್ಚಪಾ. ಮಾತು ಕೇಳಬೇಕು.”

“ಕಾಕಿ, ಅದು ಹೋಯ್ತು. ನಾನೇ ಅಳಿಸಿದೆ.”

“ಕಾಕಾಂದಾ?”

“ಎಲ್ಲಾರ್ದೂ.”

ಅವಳು ಖಾಲಿ ಪರದೆ ನೋಡುತ್ತ ಕುಳಿತಳು. ಅವನನ್ನು ಬೈಯಲಿಲ್ಲ.

“ಅವರ ದನಿ ಹ್ಯಾಂಗಿತ್ತು, ನಿನಗರ ನೆನಪದ ಏನು? ನನಗ ಬರಬರ್ತಾ ನೆನಪಿಗಿ ಸಿಗಲ್ದಂಗ ಆಗ್ಯದ.”

ಅಂಬರಾಯ ನೆನಪಿಸಿಕೊಳ್ಳಲು ನೋಡಿದ. ಕಾಕಾ ಹೇಳಿದ ಮಾತೆಲ್ಲ ನೆನಪಿತ್ತು. ದನಿ ಇರಲಿಲ್ಲ.

“ಇಲ್ಲ ಕಾಕಿ,” ಅಂದ.

ಹೀರಾಬಾಯಿ ತಲೆ ಮೇಲೆ ಸೆರಗು ಎಳೆದುಕೊಂಡು, ಇನ್ನೂ ಬಿಸಿಲಿದ್ದಾಗಲೇ ಬಸ್ಸಿಗೆ ಹೋದಳು.