ಬ್ರೇಕ್ ಮೇಷ್ಟ್ರು ದಿಬ್ಬ ಹಾರಿದ್ದು

ಇಪ್ಪತ್ತಾರು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದ ಮೇಷ್ಟ್ರು ಗಾಡಿಯಿಂದ ಒಮ್ಮೆಯೂ ಬಿದ್ದವರಲ್ಲ. ಬೀಳುವಂಥ ವೇಗದಲ್ಲಿ ಹೋಗಿದ್ದರೆ ತಾನೆ? ಕಲಿಯುವವರ ಪಕ್ಕದ ಸೀಟಿನಲ್ಲಿ ಕೂರುವ ಮೇಷ್ಟ್ರ ಕಾಲಿಗೂ ಒಂದು ಬ್ರೇಕ್ ಇತ್ತು. ಶಿಷ್ಯರು ಗೇರ್ ಹಾಕುವ ಮೊದಲೇ ಮೇಷ್ಟ್ರ ಬಲಗಾಲು ಅದರ ಮೇಲೆ ಕೂತಿರುತ್ತಿತ್ತು. ಮನೆಯಲ್ಲಿ ಟಿವಿಯೊಳಗೆ ಕಾರು ಓಡಿದರೂ ಆ ಕಾಲು ಸೋಫಾದ ಕೆಳಗೆ ನೆಲ ಒತ್ತುತ್ತಿತ್ತು. ಜನ ಅವರನ್ನು ಬ್ರೇಕ್ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅದನ್ನವರು ಬಿರುದು ಎಂದೇ ತಿಳಿದಿದ್ದರು, ಪಾಪ.

ಇಂಥವರಿಗೆ ಎಂಥ ಮಗಳು ನೋಡಿ. ಹದಿನೇಳರ ಹುಡುಗಿ ಹಳೆಯ ಇಟ್ಟಿಗೆ ಗೂಡಿನ ಹಿಂದಿನ ಬಯಲಿನಲ್ಲಿ ಮಣ್ಣಿನ ದಿಬ್ಬಗಳ ಮೇಲೆ ಬೈಕ್ ಹಾರಿಸುತ್ತಿದ್ದಳು. ಮೋಟೋಕ್ರಾಸ್ ಅಂತೆ. ಒಂದು ವರ್ಷದಿಂದ ಅಮ್ಮನಿಗೆ ಗೊತ್ತಿತ್ತು, ಅಪ್ಪನಿಗೆ ಸುಳಿವಿರಲಿಲ್ಲ. ಗೊತ್ತಾದದ್ದು ಅವಳು ಮೊದಲ ಪಂದ್ಯದ ಒಪ್ಪಿಗೆ ಪತ್ರವನ್ನು ಊಟದ ಮೇಜಿನ ಮೇಲೆ ತಂದಿಟ್ಟ ಶನಿವಾರ. ಹದಿನೆಂಟು ತುಂಬದವರಿಗೆ ಮನೆಯವರ ಸಹಿ ಬೇಕಿತ್ತು. ಪತ್ರ ಕೊಡಲು ಮುಂದಿನ ಶನಿವಾರ ಕೊನೆಯ ದಿನ, ಪಂದ್ಯ ಮರುದಿನ.

"ನಿನ್ನ ಬೈಕಿಗೆ ಹಾರ್ನ್ ಇದ್ಯಾ?" ಮೇಷ್ಟ್ರು ವಿಚಾರಣೆ ಶುರು ಮಾಡಿದರು.

"ಇಲ್ಲಪ್ಪ."

"ಕನ್ನಡಿ?"

"ಇಲ್ಲ. ಹಿಂದೆ ನೋಡೋಕೆ ಪುರುಸೊತ್ತಿರಲ್ಲ."

"ಹಾಗಾದ್ರೆ ಅದು ಗಾಡಿನೇ ಅಲ್ಲ. ಮೊದಲು ನಾನು ಒಂದು ಸುತ್ತು ಪೂರ್ತಿ ಓಡಿಸಿ ನೋಡ್ತೀನಿ. ಆಮೇಲೆ ಸಹಿ."

ಮಗಳ ಮುಖ ಸಪ್ಪಗಾಯಿತು. ಬಟ್ಟೆ ಮಡಿಸುತ್ತಿದ್ದ ಹೆಂಡತಿ ಪತ್ರವನ್ನೆತ್ತಿ ಬೀರುವಿನಲ್ಲಿಟ್ಟು, "ಓಡಿಸಿ ನೋಡಿ, ಒಳ್ಳೇದೇ ಆಯ್ತು" ಎಂದರು.

ಸೋಮವಾರ ಸಂಜೆ ಮೇಷ್ಟ್ರು ಮಂಡಿವರೆಗಿನ ಬೂಟು, ಎದೆಗೆ ಕವಚ, ತಲೆಗೆ ಹೆಲ್ಮೆಟ್ ಏರಿಸಿ ಬಯಲಿಗಿಳಿದರು. ಆ ಬೂಟಿನಲ್ಲಿ ಬೈಕಿನ ತನಕ ನಡೆಯುವಷ್ಟರಲ್ಲೇ ಅರ್ಧ ಸುಸ್ತು. ಮಗಳೇ ಗುರು.

"ಎದ್ದು ನಿಂತ್ಕೊ. ಮಂಡಿಯಿಂದ ಟ್ಯಾಂಕ್ ಬಿಗಿ ಹಿಡಿ. ದಿಬ್ಬ ಬಂದಾಗ ರೈಸ್ ಮಾಡು, ಬ್ರೇಕ್ ಮುಟ್ಬೇಡ."

ಅವರಿಗೆ ಹಾಗೆಂದವರು ಈವರೆಗೆ ಯಾರೂ ಇರಲಿಲ್ಲ. ಮೇಷ್ಟ್ರು ಹೊರಟರು. ಮೊದಲ ತಿರುವು ಬಂದದ್ದೇ ತಡ, ಬಲಗೈ ತಾನಾಗಿ ಹ್ಯಾಂಡಲ್ ಬಿಟ್ಟು ನೀಟಾಗಿ ಹೊರಕ್ಕೆ ಚಾಚಿತು. ಬೈಕ್ ಗಕ್ಕನೆ ನಿಂತು ಮಗ್ಗುಲಾಯಿತು. ಜೊತೆಗೆ ಮೇಷ್ಟ್ರೂ.

"ಯಾರಿಗಪ್ಪ ಸಿಗ್ನಲ್ ಕೊಟ್ಟೆ?"

"ಹಿಂದೆ ಬರೋರಿಗೆ."

ಹಿಂದೆ ಬರುತ್ತಿದ್ದದ್ದು ಒಂದು ನಾಯಿ. ಅದು ಮಾತ್ರ ಮರ್ಯಾದೆಯಾಗಿ ನಿಂತಿತ್ತು.

ಬುಧವಾರದ ಹೊತ್ತಿಗೆ ಕೈ ಹತೋಟಿಗೆ ಬಂತು, ಕಾಲು ಬರಲಿಲ್ಲ. ದಿಬ್ಬ ಕಂಡರೆ ಸಾಕು, ಬಲಗಾಲು ಬ್ರೇಕ್ ಒತ್ತುತ್ತಿತ್ತು. ಬೈಕ್ ಅರ್ಧ ಏರಿ, ಯೋಚನೆ ಮಾಡಿ, ಹಿಂದಕ್ಕೆ ಜಾರುತ್ತಿತ್ತು. ಮಗಳು ಪ್ರತಿಸಲ ಓಡಿ ಬಂದು ಎತ್ತುತ್ತಿದ್ದಳು, ಒಮ್ಮೆಯೂ ರೇಗಲಿಲ್ಲ. "ಬೀಳುವಾಗ ಕೈ ಊರಬೇಡ, ಉರುಳಿಬಿಡು" ಎಂದು ತಾನೇ ಬಿದ್ದು ತೋರಿಸಿದಳು. ಅವಳು ಉರುಳಿ ಎದ್ದು ಮಣ್ಣು ಕೊಡವಿದ ಚೆಂದ ನೋಡಿ, ಅವಳ ಬೆನ್ನಿಗೆ ಉಳಿದ ಮಣ್ಣನ್ನು ಮೇಷ್ಟ್ರು ತಾವೇ ಒರೆಸಿದರು. ಎಷ್ಟು ಸಲ ಬಿದ್ದಿದ್ದಾಳೋ, ಎತ್ತಲು ತಾನಿರಲಿಲ್ಲ.

ಶುಕ್ರವಾರ ಉಳಿದದ್ದು ಒಂದೇ ಸಂಜೆ. ಮೇಷ್ಟ್ರು ಒಂದು ಉಪಾಯ ಹೂಡಿದರು. ಬೂಟಿನ ತುದಿಯನ್ನು ಪೂರಾ ಹೊರಕ್ಕೆ ತಿರುಗಿಸಿ, ಬ್ರೇಕ್ ಕಾಲಿಗೆ ಸಿಗದ ಹಾಗೆ ಬಾತುಕೋಳಿಯಂತೆ ನಿಂತರು. ದೊಡ್ಡ ದಿಬ್ಬ ಬಂತು. ಕಾಲು ಒತ್ತಿದ್ದು ಬರೀ ಗಾಳಿಯನ್ನು. ಜೀವ ಬಾಯಿಗೆ ಬಂತು, ಬೈಕ್ ನೆಲ ಬಿಟ್ಟಿತು. ಒಂದು ಗೇಣು ಎನ್ನುತ್ತಾಳೆ ಮಗಳು. ಮೇಷ್ಟ್ರ ಲೆಕ್ಕದಲ್ಲಿ ಒಂದು ಆಳೆತ್ತರ.

ಸುತ್ತು ಮುಗಿಯಿತು. ಆದರೆ ಆ ಖುಷಿಯಲ್ಲಿ ಬ್ರೇಕ್ ಮೇಷ್ಟ್ರು ಬ್ರೇಕ್ ಹಾಕುವುದನ್ನೇ ಮರೆತು, ಅಂಚಿಗೆ ಪೇರಿಸಿದ್ದ ಟೈರುಗಳೊಳಗೆ ನುಗ್ಗಿದರು. ಬಿದ್ದಲ್ಲೇ ನಗತೊಡಗಿದರು. ಬಲ ಮಣಿಕಟ್ಟು ಊದಿಕೊಂಡಿತ್ತು.

ಮನೆಗೆ ಬಂದವರೇ, "ಪತ್ರ ಕೊಡೇ" ಎಂದು ಜಂಬದಿಂದ ಕೈ ಚಾಚಿದರು. ಹೆಂಡತಿ ಬೀರುವಿನಿಂದ ತೆಗೆದುಕೊಟ್ಟರು. ಕೊನೆಯ ಸಾಲಿನಲ್ಲಿ 'ತಂದೆ ಅಥವಾ ತಾಯಿಯ ಸಹಿ' ಎಂದಿತ್ತು. ಪಕ್ಕದಲ್ಲಿ ಹೆಂಡತಿಯ ಸಹಿ, ಕಳೆದ ಶನಿವಾರದ ತಾರೀಖು. ರಸ್ತೆಯ ಬೋರ್ಡು ಓದದ ಶಿಷ್ಯರಿಗೆ ದಿನಾ ಬೈಯುವ ಮನುಷ್ಯ ಇದನ್ನು ಓದಿಯೇ ಇರಲಿಲ್ಲ.

"ಇದೇ ಸಾಕಿತ್ತಲ್ಲೇ?"

"ಸಾಕಿತ್ತು. ಅವತ್ತೇ ಹಾಕಿ, ತಗೊಂಡು ಹೋಗು ಅಂದೆ. ಅಪ್ಪ ಹಾಕದೆ ನಾನು ಹೋಗಲ್ಲ ಅಂದ್ಲು."

ಮಗಳು ಬಾಗಿಲ ಬಳಿ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದಳು, ತಲೆ ಎತ್ತಲಿಲ್ಲ. ಮೇಷ್ಟ್ರ ಕಣ್ಣು ತುಂಬಿತು. ಎಡಗೈಯಲ್ಲಿ ಪೆನ್ನು ಹಿಡಿದು, ಹೆಂಡತಿಯ ಸಹಿಯ ಕೆಳಗೆ ಉಳಿದಿದ್ದ ಒಂದು ಬೆರಳಿನಷ್ಟು ಜಾಗದಲ್ಲಿ, ಸೊಟ್ಟಸೊಟ್ಟಗೆ, ತಮ್ಮ ಪೂರ್ತಿ ಹೆಸರು ಬರೆದರು.